ಮಗಳು ಕಿನ್ನರಿಗೆ ಕಾಯ್ತಿದಾಳೆ, ಒಂದು ಚಿಟ್ಟೆಯೂ ಬರ್ತಿಲ್ಲ. ಏನು ನೆಡಲಿ?

ಕುಂಡದಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದ್ಕೊಂಡು ಹೋಗೋಳು ನಾನು, ಬರೆಯೋದು ಇದೇ ಮೊದಲು.

ನಮ್ಮದು 30-40ರ ಸೈಟು. ಗೇಟಿನ ಪಕ್ಕ ಹತ್ತಡಿ ಉದ್ದ, ನಾಲ್ಕಡಿ ಅಗಲ ಮಣ್ಣು ಬಿಟ್ಟಿದ್ದೀವಿ. ಉಳಿದದ್ದೆಲ್ಲ ಸಿಮೆಂಟು, ಮೇಲೆ ತಾರಸಿ. ಒಂದನೇ ಕ್ಲಾಸಿನ ಮಗಳು ಎಲ್ಲೋ ವಿಡಿಯೋ ನೋಡಿ ‘ಕಿನ್ನರಿ ತೋಟ’ ಮಾಡಲೇಬೇಕು ಅಂತ ಹಠ ಹಿಡಿದಳು. ಅಂಗೈಯಗಲದ ಮನೆ, ಬೆರಳುದ್ದದ ಬಾಗಿಲು, ಕೆಂಪು ಅಣಬೆ ಗೊಂಬೆ ಎಲ್ಲ ತರಿಸಿದ್ದಾಯ್ತು. ಸುತ್ತ ಹೂವಿರಲಿ ಅಂತ ನರ್ಸರಿಗೆ ಹೋಗಿ ಪಿಟೂನಿಯಾ, ಡಬಲ್ ದಾಸವಾಳ, ಗುಲಾಬಿ, ಬಣ್ಣಬಣ್ಣದ ಎಲೆಯ ಕ್ರೋಟನ್ ತಂದೆ. ಬಿಲ್ಲು ಎಷ್ಟಾಯ್ತು ಅಂತ ಮನೆಯವರಿಗೆ ಇನ್ನೂ ಹೇಳಿಲ್ಲ.

ಎರಡು ತಿಂಗಳಾಯ್ತು. ಕಿನ್ನರಿ ಮಾತು ಹಾಗಿರಲಿ, ಚಿಟ್ಟೆ ಒಂದೂ ಕೂತಿಲ್ಲ. ಇವಳು ದಿನಾ ಸಂಜೆ ಆ ಬಾಗಿಲ ಮುಂದೆ ಸಕ್ಕರೆ ಇಡ್ತಾಳೆ, ಬೆಳಿಗ್ಗೆ ನೋಡಿದ್ರೆ ಇರುವೆ ಸಾಲು. ಪಾಪ, ‘ಅಮ್ಮಾ, ನಮ್ಮನೆ ಇಷ್ಟ ಇಲ್ವಾ ಅವ್ರಿಗೆ’ ಅಂತಾಳೆ. ಯಾವ ಹೂವಿನ ಗಿಡ ಹಾಕಿದ್ರೆ ಚಿಟ್ಟೆ ಬರುತ್ತೆ, ಹೇಳಿ. ಬಿಸಿಲು ಬೆಳಿಗ್ಗೆಯಿಂದ ಎರಡು ಗಂಟೆವರೆಗೂ ಚೆನ್ನಾಗಿದೆ. ಗಿಡ ನೋಡ್ಕೊಳ್ಳೋಕೆ ಅತ್ತೆ ಇದಾರೆ, ತುಂಬಾ ಶ್ರದ್ಧೆ. ಕರಿಬೇವಿನ ಗಿಡದಲ್ಲಿ ಹುಳ ಕಂಡ್ರೆ ಒಂದೊಂದೇ ಕಡ್ಡಿಯಲ್ಲಿ ತೆಗೆದು ಚರಂಡಿಗೆ ಹಾಕ್ತಾರೆ.

ರೆಕ್ಕೆಪುಕ್ಕ, ಬೆಂಗಳೂರು

ಮೇಡಂ, ಬೈಕೋಬೇಡಿ. ಚಿಟ್ಟೆಗಳು ನಿಮ್ಮನೆಗೆ ಬಂದಿವೆ. ನಿಮ್ಮ ಅತ್ತೆಯವರು ಚರಂಡಿಗೆ ಹಾಕ್ತಿರೋದು ಅವನ್ನೇ.

ಕರಿಬೇವಿನ ಮೇಲೆ ಮೊದಲು ಹಕ್ಕಿ ಹಿಕ್ಕೆ ಥರ, ಕಂದು ಬಿಳಿ ಮಚ್ಚೆಯ ಸಣ್ಣ ಹುಳ ಇರುತ್ತೆ, ಆಮೇಲೆ ಅದೇ ದಪ್ಪಗೆ ಎಲೆ ಹಸಿರಾಗುತ್ತೆ, ಅಲ್ವಾ? ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕವೆಯಂಥದ್ದು ಹೊರಗೆ ಚಾಚಿ ಗಮ್ಮಂತ ಒಂದು ವಾಸನೆ ಬಿಡುತ್ತೆ. ಅದು ಕಾಮನ್ ಮಾರ್ಮನ್ ಅಥವಾ ಲೈಮ್ ಬಟರ್‌ಫ್ಲೈ ಮರಿ. ಕರಿಬೇವು, ನಿಂಬೆ, ಹೇರಳೆ ಎಲ್ಲ ಒಂದೇ ಕುಟುಂಬ, ಇವುಗಳ ಎಲೆ ಬಿಟ್ಟು ಬೇರೆ ಕೊಟ್ಟರೆ ಆ ಮರಿ ಉಪವಾಸ ಸಾಯುತ್ತೆ ಹೊರತು ತಿನ್ನಲ್ಲ.

ಎಲ್ಲರೂ ಇಲ್ಲೇ ಎಡವೋದು. ಚಿಟ್ಟೆಗೆ ಹೂವು ಅಂದ್ರೆ ಹೋಟ್ಲು. ದಾರಿಯಲ್ಲಿ ಸಿಕ್ಕಿದ್ರೆ ಒಳಗೆ ಬಂದು ಕುಡಿದು ಹೋಗುತ್ತೆ, ಇಲ್ಲಾಂದ್ರೆ ಇನ್ನೊಂದು. ಬಾಣಂತನಕ್ಕೆ ಮಾತ್ರ ತವರೇ ಬೇಕು, ಅದು ಎಲೆ. ಹೆಣ್ಣು ಚಿಟ್ಟೆ ಮುಂಗಾಲಿನಿಂದ ಎಲೆಯನ್ನ ತಟ್ಟಿ ತಟ್ಟಿ ರುಚಿ ನೋಡಿ, ಇದೇ ಅಂತ ಖಾತ್ರಿಯಾದ್ಮೇಲೆ ಒಂದು ಮೊಟ್ಟೆ ಅಂಟಿಸುತ್ತೆ. ಅತ್ತೆಯವರ ಕರಿಬೇವಿನ ಮುಂದೆ ಹತ್ತು ನಿಮಿಷ ಕೂತ್ಕೊಳ್ಳಿ, ಕಾಣುತ್ತೆ.

ನೆಡೋಕೆ ಹೇಳ್ತೀನಿ: ಕಂಬದ ಅಶೋಕ ಇದ್ರೆ ಟೇಲ್ಡ್ ಜೇ ಬರುತ್ತೆ, ಕಪ್ಪಿನ ಮೇಲೆ ಹಸಿರು ಚುಕ್ಕಿ. ಸೀತಾಫಲ, ರಾಮಫಲಕ್ಕೂ ಅದೇ. ಕಣಗಲೆಗೆ ಕಾಮನ್ ಕ್ರೋ, ಅದರ ಕೋಶ, ಅಂದ್ರೆ ಮರಿ ಚಿಟ್ಟೆಯಾಗೋ ಮುಂಚೆ ಒಳಗೆ ಸೇರ್ಕೊಳ್ಳೋ ಗೂಡು, ಬೆಳ್ಳಿ ಲೋಟದ ಹಾಗೆ ಹೊಳೆಯುತ್ತೆ, ನಿಮ್ಮ ಮಗಳಿಗೆ ಕಿನ್ನರಿ ಮನೆ ಅಂತ ಅದನ್ನೇ ತೋರಿಸಬಹುದು. ಕಕ್ಕೆ ಮರಕ್ಕೆ, ತಗಚೆಗೆ ತಿಳಿಹಳದಿ ಎಮಿಗ್ರಂಟ್‌ಗಳು. ನಾಲ್ಕಡಿ ಜಾಗದಲ್ಲಿ ಕಕ್ಕೆ ಮರ ಬೇಡ, ತಗಚೆ ಸಾಕು.

ಬನ್ನೇರುಘಟ್ಟದ ಚಿಟ್ಟೆ ಪಾರ್ಕು, 2006ರಲ್ಲಿ ಶುರುವಾಯ್ತಲ್ಲ, ಅಲ್ಲಿಗೆ ಹೋದ್ರೆ ಜನ ಹೂವಿನ ಫೋಟೋ ತೆಗೀತಾರೆ. ನೀವು ತೂತು ಬಿದ್ದ ಎಲೆಗಳನ್ನ ನೋಡ್ಕೊಂಡು ಬನ್ನಿ.

ಕುಂಡದಮ್ಮ, ಮೈಸೂರು

ಅಯ್ಯೋ ದೇವರೇ. ಎರಡು ವರ್ಷದಿಂದ ತೆಗೀತಿದಾರೆ. ಅತ್ತೆಗೆ ಓದಿ ಹೇಳಿದೆ. ಐದು ನಿಮಿಷ ಮಾತಾಡ್ಲಿಲ್ಲ. ಆಮೇಲೆ ‘ಹಾಗಾದ್ರೆ ಒಗ್ಗರಣೆಗೆ ಏನು ಮಾಡೋದು’ ಅಂದ್ರು.

ರೆಕ್ಕೆಪುಕ್ಕ, ಬೆಂಗಳೂರು

ಇನ್ನೊಂದು ಕರಿಬೇವು ನೆಡೋದು. ಒಂದು ಅವರಿಗೆ, ಒಂದು ಚಿಟ್ಟೆಗೆ. ಅವರ ಗಿಡದಲ್ಲಿ ಮರಿ ಕಂಡ್ರೆ ಎಲೆ ಸಮೇತ ಕಿತ್ತು ಇದರ ಮೇಲೆ ಇಡೋದು. ನಮ್ಮಮ್ಮನ ಜೊತೆ ಇದೇ ಒಪ್ಪಂದ, ಆರು ವರ್ಷದಿಂದ ನಡೀತಿದೆ.

ಕಡಲಬದಿ, ಮಂಗಳೂರು

ನಿಮ್ಮದೆಲ್ಲ ಪೇಟೆಯ ಚಿಟ್ಟೆ ಆಯ್ತು ಮಾರಾಯ್ರೆ. ನಮ್ಮಲ್ಲಿಗೆ ಬನ್ನಿ ಒಮ್ಮೆ. ಅಂಗಳದ ಕೇಪಳದ ಹೂವಿಗೆ ಸದರ್ನ್ ಬರ್ಡ್‌ವಿಂಗ್ ಬರ್ತದೆ. ಕರ್ನಾಟಕದ ರಾಜ್ಯ ಚಿಟ್ಟೆ ಅದು. ರೆಕ್ಕೆ ಬಿಚ್ಚಿದರೆ ಒಂದು ಗೇಣಿಗೆ ಹತ್ತಿರ ಹತ್ತಿರ ಉಂಟು. ಮೊದಲ ಸಲ ನೋಡಿದವರು ಹಕ್ಕಿ ಅಂತಲೇ ಹೇಳುವುದು.

ಅದಕ್ಕೆ ಬೇಕಾದದ್ದು ಈಶ್ವರಿ ಬಳ್ಳಿ. ಹಿಂದೆ ಎಲ್ಲರ ಬೇಲಿಯಲ್ಲಿ ಇತ್ತು, ಬೇರು ಮದ್ದಿಗೆ ಅಂತ ಕಿತ್ತು ಕಿತ್ತು ಈಗ ಹುಡುಕಬೇಕು. ಮೈಸೂರಲ್ಲಿ ಬರ್ಡ್‌ವಿಂಗ್ ಸಿಕ್ಕುವುದು ಕಷ್ಟ, ಆದರೆ ಅದೇ ಬಳ್ಳಿಗೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಖಂಡಿತ ಬರ್ತದೆ. ಅವುಗಳ ಮೈ ಕೆಂಪು. ಬಳ್ಳಿಯ ವಿಷ ತಿಂದು ಬೆಳೆದ ಕಾರಣ ಹಕ್ಕಿಗಳು ಮುಟ್ಟುವುದಿಲ್ಲ. ಮಜಾ ಎಂತ ಗೊತ್ತುಂಟಾ? ನಿಮ್ಮ ಅತ್ತೆಯ ಕರಿಬೇವಿನ ಕಾಮನ್ ಮಾರ್ಮನ್ ಇದೆಯಲ್ಲ, ಅದರ ಹೆಣ್ಣುಗಳಲ್ಲಿ ಕೆಲವು ಥೇಟ್ ಈ ರೋಸ್‌ಗಳ ಹಾಗೆಯೇ ವೇಷ ಕಟ್ಟಿಕೊಂಡಿರ್ತವೆ. ಒಳಗೆ ವಿಷ ಇಲ್ಲ ಎಂತದ್ದೂ ಇಲ್ಲ, ಬರೀ ಬಣ್ಣಗಾರಿಕೆ. ಯಕ್ಷಗಾನದ ಸ್ತ್ರೀವೇಷದವರು ನಾಚಬೇಕು.

ಒಂದು ಜಾಗ್ರತೆ. ನರ್ಸರಿಯಲ್ಲಿ ‘ಈಶ್ವರಿ ಬಳ್ಳಿಯದ್ದೇ ಜಾತಿ’ ಅಂತ ಬಾತುಕೋಳಿ ಆಕಾರದ ದೊಡ್ಡ ಹೂವಿನ ಅಮೆರಿಕದ ಬಳ್ಳಿ ಕೊಡ್ತಾರೆ. ಬೇಡ. ಆಸ್ಟ್ರೇಲಿಯಾದಲ್ಲಿ ರಿಚ್‌ಮಂಡ್ ಬರ್ಡ್‌ವಿಂಗ್ ಎನ್ನುವ ಚಿಟ್ಟೆ ಅಂಥದ್ದೇ ಒಂದು ಹೊರಗಿನ ಬಳ್ಳಿಗೆ ಮೋಸ ಹೋಗಿ ಮೊಟ್ಟೆ ಇಟ್ಟು, ಮರಿಗಳೆಲ್ಲ ಅದರ ಎಲೆ ತಿಂದು ಸತ್ತು ದೊಡ್ಡ ತೊಂದರೆ ಆಗಿದೆ.

ಕಿನ್ನರಿ ವಿಷಯಕ್ಕೆ: ನಮ್ಮ ಊರಿನಲ್ಲಿ ಹಾಲೆ ಮರ ಮನೆ ಹತ್ತಿರ ಬೇಡ, ಅದರಲ್ಲಿ ಮೋಹಿನಿ ಇರ್ತಾಳೆ ಅಂತ ಅಜ್ಜಿಯಂದಿರು ಹೆದರಿಸ್ತಿದ್ದರು. ಆಟಿ ಅಮಾವಾಸ್ಯೆಗೆ ಮಾತ್ರ ಬೆಳ್ಳಂಬೆಳಗ್ಗೆ ಅದೇ ಮರದ ತೊಗಟೆಯ ಕಷಾಯ ಕುಡಿಸ್ತಿದ್ದರು. ರಾತ್ರಿ ಅದರ ಹೂವಿಗೆ ಬರುವ ಪತಂಗಗಳನ್ನು ಟಾರ್ಚ್ ಹಾಕಿ ನೋಡಿದ್ದೇನೆ. ಅಷ್ಟು ರೆಕ್ಕೆ ಒಟ್ಟಿಗೆ ಹಾರುವಾಗ ಮೋಹಿನಿ ಅಂದರೂ ತಪ್ಪೇನಿಲ್ಲ. ಮತ್ತೆ ನಾಗಬನ ನೋಡಿ. ಕತ್ತಿ ಹಾಕಲಿಕ್ಕಿಲ್ಲ, ಗುಡಿಸಲಿಕ್ಕಿಲ್ಲ, ಬಿದ್ದ ಎಲೆ ಅಲ್ಲೇ. ನಿಮ್ಮ ಹತ್ತಡಿಯಲ್ಲಿ ಎರಡಡಿಯನ್ನಾದರೂ ಹಾಗೆ ಬಿಟ್ಟುಬಿಡಿ.

ಖಡಕ್ ಚಹಾ, ದಾವಣಗೆರೆ

ಎಲ್ಲ ಸರಿ, ಆದ್ರೆ ಸ್ವಲ್ಪ ನೆಲದ ಮೇಲೆ ಮಾತಾಡೋಣ. ಬಿಟ್ಟುಬಿಡಿ ಅಂತ ಹೇಳೋದು ಸುಲಭ. ನಾನು ಬಿಟ್ಟಿದ್ದೆ. ಪಕ್ಕದ ಮನೆಯವರು ‘ಪೊದೆ ಬೆಳೆಸಿದಾರೆ, ಹಾವು ಬರುತ್ತೆ, ಡೆಂಗಿ ಬರುತ್ತೆ’ ಅಂತ ದೂರು ಕೊಟ್ರು, ಒಂದಿನ ನಾನು ಆಫೀಸಲ್ಲಿದ್ದಾಗ ಪಾಲಿಕೆಯವರು ಬಂದು ಬೋಳಿಸಿ ಹೋದ್ರು. ತುಂಬೆ, ಎಕ್ಕ, ನೆಲದ ಮೇಲಿನ ಸಣ್ಣ ಹೂವು, ಎಲ್ಲಾ. ಹಾವಂತೂ ಆಮೇಲೆ ಅವರ ಮನೆ ಸೌದೆ ರಾಶಿಯಲ್ಲೇ ಸಿಕ್ತು, ಆ ಮಾತು ಬೇರೆ.

ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನಿಂತ ತಿಳಿನೀರಲ್ಲಿ. ಅಂದ್ರೆ ಪೊದೆಗಿಂತ ಕುಂಡದ ಕೆಳಗಿನ ತಟ್ಟೆ ಅಪಾಯ. ಚಿಟ್ಟೆಗೆ ನೀರಿಡಿ ಅಂತ ಯಾರಾದ್ರೂ ಹೇಳ್ತಾರೆ, ಬಟ್ಟಲಲ್ಲಿ ನೀರು ತುಂಬಿಸಿ ಇಡಬೇಡಿ. ಅಗಲ ತಟ್ಟೇಲಿ ಮರಳು ಮಣ್ಣು ಹಾಕಿ ಒದ್ದೆ ಮಾಡಿ, ಚಿಟಿಕೆ ಉಪ್ಪು. ಗಂಡು ಚಿಟ್ಟೆಗಳು ಕೆಸರಿಗೆ ಕೂರೋದು ಉಪ್ಪಿನಂಶಕ್ಕೇ.

ಇನ್ನೊಂದು, ಅಂಚಿಗೆ ಇಟ್ಟಿಗೆ ಸಾಲು ಜೋಡಿಸಿ. ಒಳಗೆ ಏನೇ ಬೆಳೆದಿರಲಿ, ಅಂಚು ನೆಟ್ಟಗಿದ್ರೆ ಜನ ಅದನ್ನ ತೋಟ ಅಂತಾರೆ, ಇಲ್ಲಾಂದ್ರೆ ಕಳೆ ಅಂತಾರೆ. ನಾಲ್ಕು ಸಾವಿರ ದಂಡ ಕಟ್ಟಿ ಕಲಿತ ಪಾಠ.

ಹಿತ್ತಲ ಗುರು, ಧಾರವಾಡ

ಎಲ್ಲಾರೂ ಪಾತರಗಿತ್ತಿ ಪಾತರಗಿತ್ತಿ ಅಂತ ಕುಂತೀರಿ. ದುಂಬಿ ಏನ್ ಪಾಪ ಮಾಡ್ಯಾವ್ರಿ? ನಮ್ಮ ಹಿತ್ತಲದಾಗ ಒಂದು ಎಕ್ಕಿ ಗಿಡ ಐತಿ. ಹಣಮಪ್ಪಗ ಮಾಲಿ ಮಾಡಾಕ ಹೂವು ಕಡೀತೀವಿ, ಉಳಿದದ್ದು ಪ್ಲೇನ್ ಟೈಗರ್ ಪಾತರಗಿತ್ತಿ ಹುಳಕ್ಕ. ಬಿಳಿ, ಕರಿ, ಹಳದಿ ಪಟ್ಟಿ ಹುಳ, ಇಡೀ ಗಿಡ ಬೋಳ ಮಾಡಿಬಿಡ್ತಾವ. ಹದಿನೈದ ದಿನದಾಗ ಮತ್ತ ಚಿಗರತೈತಿ, ಎಕ್ಕಿ ಎಲ್ಲಿ ಸಾಯತೈತ್ರಿ?

ಆದ್ರ ಎಕ್ಕಿ ಹೂವಿನಾಗ ಕಾಯಿ ಕಟ್ಟಸೂದು ಪಾತರಗಿತ್ತಿ ಅಲ್ಲ. ಕರೀ ಬಡಗಿ ದುಂಬಿ, ಹೆಬ್ಬೆರಳ ಗಾತ್ರ, ಬಿಸಲಾಗ ರೆಕ್ಕಿ ನೀಲಿ ಮಿಂಚತಾವ. ಒಣಗಿದ ಬಿದರಿನಾಗ, ಹಳೇ ತೊಲಿಯಾಗ ತೂತ ಕೊರದು ಮನಿ ಮಾಡ್ತೈತಿ. ಜನ ಹೆದರತಾರ. ಗಂಡಿಗೆ ಮುಳ್ಳ ಇರೂದಿಲ್ಲ, ಹೆಣ್ಣು ಹಿಡದು ಒತ್ತಿದ್ರ ಅಷ್ಟ ಕಡೀತೈತಿ. ನಾಲ್ಕು ಬಿದರಿನ ತುಂಡು ಕಟ್ಟಿ ಗ್ವಾಡಿಗೆ ತೂಗಹಾಕ್ರಿ, ನಿಮ್ಮ ಹುಡುಗಿಯ ಗೊಂಬಿ ಮನಿಕಿಂತ ಲಗೂ ಬಾಡಿಗಿ ಹತ್ತತೈತಿ.

ಬದನಿ, ಟೊಮೆಟೊ ಬೆಳಿಯೋರಿಗೆ ಒಂದ ಮಾತು. ಅದರ ಪರಾಗ ಸಣ್ಣ ತೂತಿನ ಡಬ್ಬಿಯಾಗ ಇಟ್ಟಂಗ ಇರತೈತಿ. ಜೇನಹುಳ ಬಂದು ಹೂವಿನ ಮ್ಯಾಲ ಅಡ್ಡಾಡಿದ್ರ ಉದರೂದು ಕಡಿಮಿ. ಹೊಟ್ಟಿ ಮ್ಯಾಲ ನೀಲಿ ಪಟ್ಟಿ ಇರೂ ಒಂದು ದುಂಬಿ ಐತಿ, ಅದು ಹೂವ ಗಟ್ಟಿ ಅಪ್ಪಿ ಹಿಡದು ‘ಜೂಂಯ್’ ಅಂತ ಮೈ ನಡಗಸತೈತಿ, ಪರಾಗ ಉಪ್ಪಿನಂಗ ಉದರತೈತಿ. ಮುಂಜಾನೆ ಕಿವಿ ಕೊಟ್ಟ ನಿಂತ್ರ ಕೇಳತೈತಿ. ಅದು ಗೂಡು ಮಾಡೂದು ಮಣ್ಣಿನಾಗ, ಹಳೇ ಮಣ್ಣಿನ ಗ್ವಾಡಿಯಾಗ. ಎಲ್ಲಾ ಕಡೆ ಪೇವರ್ ಹಾಕಿ, ಮ್ಯಾಲ ಬದನಿಕಾಯಿ ಹಿಡೀವಲ್ದು ಅಂದ್ರ ಹೆಂಗ್ರಿ?

ಗುಲಾಬಿ ಎಲಿ ಅಂಚಿನಾಗ ರೂಪಾಯಿ ಇಟ್ಟು ಕತ್ತರಿಸಿದಂಗ ಗುಂಡನ ತುಂಡು ಹೋಗಿದ್ರ ಔಷಧ ಹೊಡೀಬ್ಯಾಡ್ರಿ. ಅದೂ ಒಂದು ಜಾತಿ ದುಂಬಿನ. ಮರಿಗೆ ಹಾಸಗಿ ಮಾಡಾಕ ಒಯ್ದಿರತೈತಿ.

ಪುಟ್ಟತೋಟ, ಹಾಸನ

ಇಷ್ಟೆಲ್ಲ ಯಾಕೆ, ಲಂಟಾನಾ ಹಾಕಿ. ಸದಾ ಹೂವು, ಸದಾ ಚಿಟ್ಟೆ. ನೀರೂ ಬೇಡ.

ಕಡಲಬದಿ, ಮಂಗಳೂರು

ದಯವಿಟ್ಟು ಬೇಡ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಅದು ಹೇಗೆ ನುಂಗಿದೆ ಅಂತ ಒಮ್ಮೆ ಕಣ್ಣಲ್ಲಿ ನೋಡಿ. ಹಕ್ಕಿ ತಿಂದು ಬೀಜ ಎಲ್ಲೋ ಹಾಕ್ತದೆ, ನಿಮ್ಮ ಕಾಂಪೌಂಡಿಗೆ ನಿಲ್ಲುವುದಿಲ್ಲ. ಚಿಟ್ಟೆಗೆ ಮಕರಂದ ಬೇಕಾದರೆ ಕೇಪಳ, ರಥಪುಷ್ಪ, ಪೆಂಟಾಸ್, ರತ್ನಗಂಧಿ, ತುಂಬೆ, ತುಳಸಿಯ ಹೂ. ಎಷ್ಟು ಬೇಕು?

ಪುಟ್ಟತೋಟ, ಹಾಸನ

ನಮ್ಮ ತೋಟದ ಬೇಲಿಯೇ ಅದು, ಕಿತ್ತರೂ ಬರುತ್ತೆ. ಆದ್ರೆ ನೀವು ಹೇಳಿದ್ದು ಸರಿ, ಹೊಸದಾಗಿ ನೆಡೋಕೆ ಹೇಳಬಾರದಿತ್ತು.

ಮಳೆ ಮತ್ತು ಚಹಾ, ಇಂಗ್ಲೆಂಡ್

ತಾಯ್ನಾಡಿನ ಮಾತು ಓದಿ ಖುಷಿಯಾಯ್ತು. ಈ ಕಿನ್ನರಿ ತೋಟದ ಹುಚ್ಚು ನಾವಿರೋ ಕಡೆಯೂ ಜೋರಾಗಿದೆ, ಹಾಗಾಗಿ ಸ್ವಲ್ಪ ಹೊಣೆ ನನ್ನದೂ ಇರಲಿ. ಇಲ್ಲಿ ಮಕ್ಕಳ ಶಾಲೆಯ ಹಿಂದೆ ಮರದ ಬುಡಕ್ಕೆ ಪುಟ್ಟ ಬಾಗಿಲು ಅಂಟಿಸಿರ್ತಾರೆ. ಹಳಬರು ಫಾಕ್ಸ್‌ಗ್ಲವ್ ಹೂವಿನ ಗಂಟೆಯೊಳಗೆ ಕಿನ್ನರಿ ಇರ್ತಾಳೆ ಅಂತಾರೆ. ಒಳಗೆ ಇರೋದು ಉದ್ದ ನಾಲಿಗೆಯ ಬಂಬಲ್‌ಬೀ. ಗಿಡ ಮಾತ್ರ ಪೂರಾ ವಿಷ, ಹೃದಯದ ಔಷಧಿ ಡಿಜಾಕ್ಸಿನ್ ಬಂದಿದ್ದು ಅದೇ ಕುಲದಿಂದ. ಮಕ್ಕಳಿರೋ ಮನೆಗೆ ಬೇಡ.

1917ರಲ್ಲಿ ಕಾಟಿಂಗ್ಲಿ ಅನ್ನೋ ಹಳ್ಳಿಯಲ್ಲಿ ಇಬ್ಬರು ಹುಡುಗಿಯರು, ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ತೊರೆ ಪಕ್ಕ ಕಿನ್ನರಿಯರ ಫೋಟೋ ತೆಗೆದ್ವಿ ಅಂದ್ರು. ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್‌ನಂಥ ಮನುಷ್ಯನೇ ನಂಬಿಬಿಟ್ಟ. ಕಾಗದದಲ್ಲಿ ಕತ್ತರಿಸಿ ಟೋಪಿ ಪಿನ್ನಲ್ಲಿ ನಿಲ್ಲಿಸಿದ್ದು ಅಂತ ಅವರು ಒಪ್ಪಿಕೊಂಡಿದ್ದು 1983ರಲ್ಲಿ, ಮುದುಕಿಯರಾದ್ಮೇಲೆ. ನಿಮ್ಮ ಮಗಳು ಸಕ್ಕರೆ ಇಡೋದರಲ್ಲಿ ಏನೂ ಅತಿರೇಕ ಇಲ್ಲ.

ಇಲ್ಲೂ ಎಲೆ ಮಾತೇ. ಪೀಕಾಕ್, ಸ್ಮಾಲ್ ಟಾರ್ಟಾಯ್ಸ್‌ಶೆಲ್ ಚಿಟ್ಟೆಗಳ ಮರಿ ಬೆಳೆಯೋದು ತುರಿಸೋ ನೆಟಲ್ ಗಿಡದ ಮೇಲೆ. ನಾನು ಹಿತ್ತಲ ಮೂಲೆಯಲ್ಲಿ ಬಿಟ್ಟಿದ್ದೀನಿ. ಯಜಮಾನರು ಲಾನ್ ಹೊಡೆಯುವಾಗ ಪ್ರತಿ ಸಲ ಕಾಲು ಕೆರ್ಕೋತಾ ಒಳಗೆ ಬರ್ತಾರೆ.

ಜೇನುಪೆಟ್ಟಿಗೆ, ಶಿರಸಿ

ಮೊದಲ ಪೋಸ್ಟಿಗೆ ಬರ್ತೇನೆ. ತಂಗೀ, ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿದ್ದಾರೋ ಕೇಳಿದ್ದೆಯಾ? ಎಲೆ ಮೇಲೆ ಒಂದೂ ತೂತಿಲ್ಲದೆ ಫಳಫಳ ಅಂತಿದ್ದರೆ ನಾನು ಅನುಮಾನ ಪಡ್ತೇನೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಗಿಡದ ಒಳಗೇ ಸೇರಿಕೊಂಡು, ಎಲೆಗೂ ಬರ್ತವೆ, ಹೂವಿನ ಮಕರಂದಕ್ಕೂ ಬರ್ತವೆ. ಯುರೋಪಿನವರು 2018ರಲ್ಲಿ ಬಯಲು ಬೆಳೆಗೆ ಅದನ್ನು ನಿಷೇಧ ಮಾಡಿದ್ದು ಜೇನಿಗೆ ತೊಂದರೆ ಅಂತಲೇ. ತಂದ ಗಿಡದ ಹೂಮೊಗ್ಗು ಕೆಲವು ವಾರ ಚಿವುಟುತ್ತಾ ಇರು, ಹೊಸ ಮಣ್ಣಿಗೆ ಹಾಕು. ಅದಕ್ಕಿಂತ ಒಳ್ಳೇದು, ನೆರೆಮನೆಯಿಂದ ಕಡ್ಡಿ ಬೇಡಿ ತಂದು ನೆಡೋದು. ಬೇವಿನೆಣ್ಣೆ ಸಾವಯವ ಅಂತ ಹೊಡೀಬೇಡ, ಚಿಟ್ಟೆ ಮರಿಗೆ ಅದು ಸಾವಯವ ಸಾವು.

ಡಬಲ್ ದಾಸವಾಳದಲ್ಲಿ ಕೇಸರವೇ ದಳವಾಗಿ ಹೋಗಿರ್ತದೆ. ಜೇನು ಬಂದು ಅಲ್ಲಿ ಎಂಥ ಮಾಡೋದು? ಒಂಟಿ ಎಸಳಿನ ಕೆಂಪು ದಾಸವಾಳ ಹಾಕಿದ್ರೆ ಸೂರಕ್ಕಿಯಾದರೂ ಬರ್ತದೆ.

ನಮ್ಮ ಮನೆಯಲ್ಲಿ ತುಡುವೆ ಜೇನು ಅಪ್ಪನ ಕಾಲದಿಂದ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಜೇನಿನ ವೈರಸ್ ರೋಗ ಬಂತಲ್ಲ, ಮರಿಗಳು ನೀರು ತುಂಬಿದ ಚೀಲದ ಹಾಗೆ ಆಗಿ ಪೆಟ್ಟಿಗೆ ಪೆಟ್ಟಿಗೆ ಖಾಲಿ. ಆ ವರ್ಷ ಅಪ್ಪ ಬೆಳಿಗ್ಗೆ ಎದ್ದು ಪೆಟ್ಟಿಗೆಗೆ ಕಿವಿ ಇಟ್ಟು ಸುಮ್ಮನೆ ನಿಂತಿರ್ತಿದ್ದರು. ಏಲಕ್ಕಿಗೆ ಹೂವಿತ್ತು, ಕಾಯಿ ಕಟ್ಟೋರು ಇರಲಿಲ್ಲ.

ದುಂಬಿ ಇಲ್ಲದಿದ್ರೆ ಹೇಗಿರ್ತದೆ ಅಂತ ತಿಳೀಬೇಕಾದ್ರೆ ವೆನಿಲಾ ಬೆಳೆದವರನ್ನ ಕೇಳು. ಮೆಕ್ಸಿಕೋದ ಬಳ್ಳಿ, ಅಲ್ಲಿನ ಜೇನು ಇಲ್ಲಿಲ್ಲ. ಹೂವು ಒಂದೇ ದಿನ ಅರಳಿರ್ತದೆ. ಎರಡು ಸಾವಿರದ ಆಸುಪಾಸಿನಲ್ಲಿ ರೇಟು ಏರಿದಾಗ ಮನೆಮಂದಿಯೆಲ್ಲ ಬೆಳಿಗ್ಗೆ ಕಡ್ಡಿ ಹಿಡಿದು ತೋಟಕ್ಕೆ. ಹೂವಿನ ಒಳಗಿನ ಸಣ್ಣ ಪರದೆ ಎತ್ತಿ, ಪರಾಗವನ್ನು ಹೆಬ್ಬೆರಳಲ್ಲಿ ಒತ್ತಿ, ಮುಂದಿನದಕ್ಕೆ. ಈ ಉಪಾಯ ಕಂಡುಹಿಡಿದವನು ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಗುಲಾಮ ಹುಡುಗ, 1841ರಲ್ಲಿ ಅವನಿಗೆ ಹನ್ನೆರಡೇ ವರ್ಷ. ನನ್ನ ಹೆಂಡತಿ ಒಂದು ಬೆಳಿಗ್ಗೆ ಮುನ್ನೂರು ಹೂವು ಮುಗಿಸಿ ಸೊಂಟ ಹಿಡ್ಕೊಂಡು ಕೂತು, ‘ದುಂಬಿಗೆ ಸಂಬಳ ಕೊಡಬೇಕಿತ್ತು’ ಅಂದಿದ್ದಳು.

ತಾರಸಿಯಲ್ಲಿ ಸೋರೆ, ಹೀರೆ ಬಳ್ಳಿ ಇರೋರು ಒಂದು ವಿಷಯ ನೆನಪಿಡಿ. ಅವು ಸಂಜೆ ಅರಳೋ ಹೂವು. ರಾತ್ರಿಯಿಡೀ ತಾರಸಿ ಮೇಲೆ ಟ್ಯೂಬ್‌ಲೈಟ್ ಉರಿಸಿದ್ರೆ ಪತಂಗ ಎಲ್ಲ ದೀಪಕ್ಕೆ, ಹೂವಿಗೆ ಯಾರೂ ಇಲ್ಲ.

ಕುಂಡದಮ್ಮ, ಮೈಸೂರು

ಆರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಕ್ರೋಟನ್ ಎಲ್ಲ ತಂಗಿ ಮನೆಗೆ ಸಾಗಿಸಿದೆ. ಮಣ್ಣಿನ ಜಾಗದಲ್ಲಿ ಎರಡನೇ ಕರಿಬೇವು, ನಿಂಬೆ, ತಗಚೆ, ಪೆಂಟಾಸ್, ತುಂಬೆ ಇದೆ. ಖಡಕ್ ಚಹಾ ಅಣ್ಣ ಹೇಳಿದ ಹಾಗೆ ಅಂಚಿಗೆ ಇಟ್ಟಿಗೆ ಸಾಲು, ಬಿಳಿ ಸುಣ್ಣ ಬೇರೆ. ಪಕ್ಕದ ಮನೆ ಆಂಟಿ ‘ತುಂಬೆ ಹೂವು ಪೂಜೆಗೆ ಬೇಕು’ ಅಂತ ಈಗ ಅವರೇ ನೀರು ಹಾಕ್ತಾರೆ. ಬಿದಿರಿನ ಕಟ್ಟಿಗೆ ಇನ್ನೂ ಯಾರೂ ಬಾಡಿಗೆಗೆ ಬಂದಿಲ್ಲ ಗುರುಗಳೇ.

ಎಂಟನೇ ದಿನ ಮಾರ್ಮನ್ ಬಂತು. ಅತ್ತೆಯೇ ಮೊದಲು ನೋಡಿದ್ದು. ಕೂಗಿ ಕರೆದ್ರು, ನಾವು ಬರೋಷ್ಟರಲ್ಲಿ ಅದು ಚಿಗುರಿನ ತುದಿಯಲ್ಲಿ ರೆಕ್ಕೆ ಬಡೀತಾ ಹೊಟ್ಟೆ ಬಗ್ಗಿಸ್ತಿತ್ತು. ಮೊಟ್ಟೆ ಸಾಸಿವೆಗಿಂತ ಸಣ್ಣದು, ತಿಳಿಹಳದಿ, ಎಲೆ ಅಂಚಿಗೆ ಅಂಟಿಸಿದ ಮುತ್ತಿನ ಹಾಗೆ. ಏಳು ಎಣಿಸಿದ್ವಿ. ಮೂರು ಇರುವೆ ಪಾಲು, ಅದೂ ಇವಳ ಸಕ್ಕರೆಗೆ ಬಂದ ಇರುವೆಗಳೇ. ಅವತ್ತಿಂದ ಸಕ್ಕರೆ ಬಂದ್. ಉಳಿದ ನಾಲ್ಕು ಮರಿ ಆದ್ವು. ಒಂದನ್ನ ಗುಬ್ಬಚ್ಚಿ ಎತ್ಕೊಂಡು ಹೋಯ್ತು. ಮೂರು ಕೋಶ ಕಟ್ಟಿದ್ವು, ಒಂದು ಎಲ್ಲಿ ಗೊತ್ತಾ, ಆ ಕಿನ್ನರಿ ಮನೆ ಬಾಗಿಲ ಚೌಕಟ್ಟಿಗೇ! ಸೊಂಟಕ್ಕೆ ಒಂದು ದಾರ ಸುತ್ತಿಕೊಂಡು, ತೆಂಗಿನ ಮರ ಹತ್ತೋರ ಹಾಗೆ ಹಿಂದಕ್ಕೆ ವಾಲಿ.

ನಿನ್ನೆ ಬೆಳಿಗ್ಗೆ ಆ ಬಾಗಿಲಿನ ಕೋಶದಲ್ಲಿ ಗುಂಡುಸೂಜಿ ಗಾತ್ರದ ತೂತು. ಒಳಗಿಂದ ಒಂದರ ಹಿಂದೊಂದು ಸಣ್ಣ ಸಣ್ಣ ಹೊಳೆಯೋ ಹುಳ ಬಂತು, ಇಪ್ಪತ್ತೋ ಮೂವತ್ತೋ. ಚಿಟ್ಟೆ ಬರಲಿಲ್ಲ. ಮಗಳು ಅತ್ತು ಅತ್ತು ಸ್ಕೂಲಿಗೆ ಹೋಗಲಿಲ್ಲ. ನಾನೇನು ತಪ್ಪು ಮಾಡಿದೆ?

ರೆಕ್ಕೆಪುಕ್ಕ, ಬೆಂಗಳೂರು

ಏನೂ ಇಲ್ಲ ಮೇಡಂ. ಅದು ಪರಾವಲಂಬಿ ಕಣಜ. ಮರಿ ಕೋಶವಾಗಿ ಮೈ ಇನ್ನೂ ಮೆತ್ತಗಿರೋವಾಗ ಬಂದು ಒಳಗೆ ಮೊಟ್ಟೆ ಇಟ್ಟಿರುತ್ತೆ. ನಾನು ಮೊದಲ ವರ್ಷ ಸಾಕಿದ ಐದರಲ್ಲಿ ನಾಲ್ಕು ಹೀಗೇ ಹೋದ್ವು. ಬೇಜಾರಾಗುತ್ತೆ, ಸುಳ್ಳು ಹೇಳಲ್ಲ. ಬೇಕಾದ್ರೆ ಮುಂದಿನ ಸಲ ಒಂದೆರಡು ಮರಿಗಳನ್ನ ಬಲೆ ಕಟ್ಟಿದ ಡಬ್ಬದಲ್ಲಿ ಸಾಕಿ, ಎಲ್ಲವನ್ನೂ ಅಲ್ಲ. ಆ ಕಣಜಗಳಿಗೂ ನಿಮ್ಮ ತುಂಬೆ ಹೂವೇ ಊಟ. ಉಳಿದ ಎರಡು ಕೋಶ ಹೇಗಿವೆ? ಕಪ್ಪಾಗಿ, ಒಳಗಿನ ರೆಕ್ಕೆ ಬಣ್ಣ ಕಾಣ್ತಿದ್ರೆ ನಾಳೆ ಬೆಳಿಗ್ಗೆ ಬೇಗ ಏಳಿ.

ಕುಂಡದಮ್ಮ, ಮೈಸೂರು

ಎದ್ದೆ. ಎದ್ವಿ, ಎಲ್ಲರೂ. ಆರೂ ಮುಕ್ಕಾಲಿಗೆ ನಿಂಬೆ ಕಡ್ಡಿಯ ಮೇಲಿನ ಕೋಶದ ಬೆನ್ನು ಬಿರಿಯಿತು. ಮುದ್ದೆಯಾದ ಒದ್ದೆ ಬಟ್ಟೆ ಥರ ಹೊರಗೆ ಬಂತು, ರೆಕ್ಕೆ ಹೆಬ್ಬೆರಳಿನ ಉಗುರಿನಷ್ಟು. ಮೇಲಕ್ಕೆ ಹತ್ತಿ ತೂಗಾಡಿಕೊಂಡು ನಿಂತ್ಕೊಳ್ತು. ನೋಡ್ತಾ ನೋಡ್ತಾ ಇಸ್ತ್ರಿ ಹಾಕಿದ ಹಾಗೆ ರೆಕ್ಕೆ ಬಿಚ್ಚಿತು. ಹಿಂರೆಕ್ಕೆಯಲ್ಲಿ ಬಿಳಿ ಮಚ್ಚೆ, ಸುತ್ತ ಕೆಂಪು. ಕಡಲಬದಿಯವರು ಹೇಳಿದ ವೇಷಗಾತಿಯೇ. ಒಂಬತ್ತು ಗಂಟೆಗೆ ಹಾರಿ ಎದುರು ಮನೆ ಕಾಂಪೌಂಡ್ ದಾಟಿ ಹೋಯ್ತು. ಸ್ಕೂಲ್ ವ್ಯಾನೂ ಹೋಗಿತ್ತು.

ಅತ್ತೆ ಅಡುಗೆಮನೆಗೆ ಹೋಗಿ ಉಪ್ಪಿಟ್ಟಿಗೆ ಕರಿಬೇವು ಹಾಕದೆ ಒಗ್ಗರಣೆ ಕೊಟ್ರು. ಯಾಕೆ ಅಂದ್ರೆ, ‘ಚಿಗುರಲ್ಲಿ ಮತ್ತೆ ಮೂರು ಮೊಟ್ಟೆ ಇದೆ ಕಣೇ’ ಅಂದ್ರು.

ಯಾರ ಹತ್ರವಾದ್ರೂ ಈಶ್ವರಿ ಬಳ್ಳಿ ಇದ್ಯಾ?

ಕಡಲಬದಿ, ಮಂಗಳೂರು

ಬೀಜ ಉಂಟು. ಗಾಳಿಗೆ ಹಾರಿ ಹೋಗದ ಹಾಗೆ ಕಾಯಿ ಬಿರಿಯುವ ಮುಂಚೆಯೇ ಬಟ್ಟೆ ಕಟ್ಟಿ ತೆಗೆದದ್ದು. ಮುಂದಿನ ಶನಿವಾರ ಮದುವೆಗೆ ಮೈಸೂರಿಗೆ ಬರ್ಲಿಕ್ಕುಂಟು. ವಿಳಾಸ ಇನ್‌ಬಾಕ್ಸಿಗೆ ಹಾಕಿ. ಮೊಳಕೆ ಬರ್ಲಿಕ್ಕೆ ತಿಂಗಳಾದರೂ ಬೇಕು, ನಡುವೆ ಮಣ್ಣು ಕೆದಕಿ ನೋಡಬೇಡಿ.

ಖಡಕ್ ಚಹಾ, ದಾವಣಗೆರೆ

ನನಗೂ ನಾಲ್ಕು ಬೀಜ ಎತ್ತಿಡಿ ಸರ್. ಇಟ್ಟಿಗೆ ರೆಡಿ ಇದೆ.